ಹಳೆಯ ದೋಣಿಗೆ ಹೊಸ ಬಣ್ಣ: ಒಡೆಯನ ಕೈ, ಒಡೆಯನ ಹೊಣೆ

ಏಪ್ರಿಲ್ ಕಳೆದು ಮೇ ಕಾಲಿಟ್ಟಿತೆಂದರೆ ಗಂಗೊಳ್ಳಿ, ಹೊನ್ನಾವರ, ತದಡಿಯ ದಡಗಳಲ್ಲಿ ಸಣ್ಣ ಫೈಬರ್ ದೋಣಿಗಳು ದಿಮ್ಮಿಗಳ ಮೇಲೆ ಮಗುಚಿಕೊಂಡಿರುತ್ತವೆ. ಪಕ್ಕದಲ್ಲಿ ಒಂದೆರಡು ಪೇಂಟಿನ ಡಬ್ಬ, ಥಿನ್ನರ್ ಬಾಟಲಿ, ಮಡಚಿ ಮಡಚಿ ಮೆತ್ತಗಾದ ಸ್ಯಾಂಡ್‌ಪೇಪರ್. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಹತ್ತು ಅಶ್ವಶಕ್ತಿಯ ಒಳಗಿನ ಎಂಜಿನ್ ಕಟ್ಟಿದ ನಾಡದೋಣಿಗೆ ಆ ತಡೆಯಿಲ್ಲ. ಮಳೆಗಾಲವೇ ಅದಕ್ಕೆ ಸುಗ್ಗಿ. ಹಾಗಾಗಿ ಮೊದಲ ಮಳೆ ಬೀಳುವ ಮುಂಚೆಯೇ ಅದರ ಮೈ ಸರಿಮಾಡಿಕೊಳ್ಳಬೇಕು. ಕೆಲವರು ದಿನಗೂಲಿಗೆ ಪೇಂಟರ್ ಕರೆಸುತ್ತಾರೆ, ಕೆಲವರು ಮನೆಮಂದಿ ಸೇರಿ ತಾವೇ ಬಳಿಯುತ್ತಾರೆ. ಇಬ್ಬರ ಅವಸರವೂ ಒಂದೇ: ಹಳೆಯ ಬಣ್ಣದ ಮೇಲೆ ಹೊಸದೊಂದು ಪದರ ಬಿದ್ದರೆ ಸಾಕು, ದೋಣಿ ನೀರಿಗಿಳಿಯಲಿ.

ಈ ಕೆಲಸ ದೋಣಿಯ ಒಡೆಯನ ಕೈಯಿಂದಲೇ ಆಗಬೇಕು ಎಂಬುದು ನನ್ನ ವಾದ. ಕೂಲಿ ಉಳಿಯುತ್ತದೆ, ನಿಜ. ಆದರೆ ಅದು ಸಣ್ಣ ಕಾರಣ. ದೊಡ್ಡ ಕಾರಣ, ಹಳೆಯ ದೋಣಿಗೆ ಬಣ್ಣ ಹಚ್ಚುವ ಕೆಲಸದಲ್ಲಿ ಬಣ್ಣ ಹಚ್ಚುವುದು ಕೊನೆಯ ಚಿಕ್ಕ ಪಾಲು. ಉಳಿದದ್ದೆಲ್ಲ ಕೆರೆಯುವುದು, ತೊಳೆಯುವುದು, ತಟ್ಟಿ ನೋಡುವುದು, ಒಣಗಲು ಬಿಡುವುದು. ದೋಣಿಯ ಆರೋಗ್ಯ ಗೊತ್ತಾಗುವುದು ಆ ಹೊತ್ತಿನಲ್ಲಿ. ಅದೇ ಕೆರೆತದಲ್ಲಿ ಉದುರುವ ಪುಡಿ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯೂ ಒಡೆಯನದ್ದೇ. ತಾನೇ ಮಾಡುತ್ತೇನೆ ಎಂದು ಹೊರಟವನು ಮೊದಲನೆಯದನ್ನು ಇಟ್ಟುಕೊಂಡು ಎರಡನೆಯದನ್ನು ಹೊಳೆಗೆ ಬಿಡುವಂತಿಲ್ಲ.

ಫೈಬರ್ ದೋಣಿ ಎಂದರೆ ಗಾಜಿನ ನಾರಿನ ಹಾಸುಗಳನ್ನು ಪಾಲಿಯೆಸ್ಟರ್ ರಾಳದಲ್ಲಿ ನೆನೆಸಿ ಅಚ್ಚಿನೊಳಗೆ ಪದರ ಪದರವಾಗಿ ಕೂರಿಸಿದ್ದು. ಅದರ ಹೊರಮೈಗೆ ಬಣ್ಣ ಬೆರೆಸಿದ ರಾಳದ ಒಂದು ತೆಳುಪದರ ಇರುತ್ತದೆ, ಅದೇ ಜೆಲ್‌ಕೋಟ್. ಅದರ ದಪ್ಪ ಹೆಚ್ಚೆಂದರೆ ಅರ್ಧ ಮಿಲಿಮೀಟರ್ ಆಸುಪಾಸು. ಹೊಸ ದೋಣಿ ಹೊಳೆಯುವುದು ಅದರಿಂದಲೇ, ಒಳಗಿನ ನಾರಿಗೆ ನೀರು ತಾಗದಂತೆ ಕಾಯುವುದೂ ಅದೇ. ನಮ್ಮ ಕಡಲಂಚಿನ ಬಿಸಿಲಿಗೆ ಈ ಪದರ ವರ್ಷದಿಂದ ವರ್ಷಕ್ಕೆ ಸುಣ್ಣದಂತಾಗುತ್ತ ಹೋಗುತ್ತದೆ. ಅಂಗೈ ಸವರಿದರೆ ಬಿಳಿ ಪುಡಿ ಅಂಟುತ್ತದೆ. ಮರಳಿನ ಮೇಲೆ ಎಳೆದೆಳೆದು ತಳಭಾಗದಲ್ಲಿ ಅದು ಸವೆದೇ ಹೋಗಿ ಕೆಳಗಿನ ನಾರು ಕಾಣತೊಡಗುತ್ತದೆ. ಆಗ ಬಳಿಯುವ ಬಣ್ಣ ಆ ಕಳೆದುಹೋದ ಚರ್ಮದ ಜಾಗದಲ್ಲಿ ನಿಲ್ಲಬೇಕಾದ್ದು. ಅದನ್ನು ಅಲಂಕಾರದ ಲೆಕ್ಕಕ್ಕೆ ಸೇರಿಸಿದವರು ಗೋಡೆಗೆ ಬಳಿಯುವ ಎನಾಮೆಲ್ ತಂದು ಬಳಿದು ಮುಗಿಸುತ್ತಾರೆ. ಮುಂದಿನ ವರ್ಷಕ್ಕೆ ಅದು ಹಾಳೆಹಾಳೆಯಾಗಿ ಏಳುತ್ತದೆ, ಅದರ ಮೇಲೆ ಇನ್ನೊಂದು ಪದರ ಬೀಳುತ್ತದೆ. ಹಳೆಯ ದೋಣಿಯ ಅಂಚಿನಲ್ಲಿ ಎದ್ದ ಚಕ್ಕೆಯೊಂದನ್ನು ಮುರಿದು ನೋಡಿದರೆ ಹಸಿರು, ನೀಲಿ, ಬಿಳಿ, ಮತ್ತೆ ನೀಲಿ ಎಂದು ವರ್ಷಗಳ ಲೆಕ್ಕ ಅಲ್ಲೇ ಸಿಗುತ್ತದೆ.

ಪರಿಚಯದವರೊಬ್ಬರ ದೋಣಿ ಕೆರೆಯುವಾಗ ನಾನೂ ಜೊತೆಯಲ್ಲಿ ಕೈಹಾಕಿದ್ದೆ. ಹಿಂಬದಿಯಲ್ಲಿ ಎಂಜಿನ್ ಕಟ್ಟುವ ಹಲಗೆ ನೋಡಲು ಗಟ್ಟಿಮುಟ್ಟಾಗಿತ್ತು; ಹೊರಗೆ ಫೈಬರ್, ಒಳಗೆ ಪ್ಲೈವುಡ್ ಇರುವ ಭಾಗ ಅದು. ಸ್ಕ್ರೂಡ್ರೈವರಿನ ಹಿಡಿಯಿಂದ ಮೇಲಿನಿಂದ ಕೆಳಕ್ಕೆ ತಟ್ಟುತ್ತ ಬಂದೆವು. ಟಕ್ ಟಕ್ ಎನ್ನುತ್ತಿದ್ದ ದನಿ ಬಲಮೂಲೆಗೆ ಬರುವಾಗ ದಬ್ ದಬ್ ಎಂದು ಇಳಿಯಿತು. ಅಲ್ಲೊಂದು ಹಳೆಯ ಸ್ಕ್ರೂ ತೂತು. ಯಾವಾಗಲೋ ಪುಟ್ಟಿ ತುಂಬಿ ಮೇಲೆ ಬಣ್ಣ ಬಳಿದಿದ್ದರು. ಪುಟ್ಟಿಯನ್ನು ಕೆದಕಿದ್ದೇ ತಡ, ಚಹಾದ ಬಣ್ಣದ ನೀರು ಸಣ್ಣಗೆ ಇಳಿಯತೊಡಗಿತು. ಕೊಳೆತ ಮರದ ವಾಸನೆ. ಸ್ಕ್ರೂಡ್ರೈವರಿನ ತುದಿ ಒತ್ತಿದರೆ ಒತ್ತಿದಷ್ಟೂ ಒಳಗೆ ಹೋಗುತ್ತಿತ್ತು. ಅಳಿವೆಯ ಅಲೆಗಳಲ್ಲಿ ಎಂಜಿನ್ನಿನ ಭಾರವನ್ನೂ ಅದರ ನೂಕುವಿಕೆಯನ್ನೂ ಹೊರಬೇಕಾದ ಹಲಗೆ ಅದು. ಹಿಂದಿನ ಬೇಸಿಗೆಯಲ್ಲಷ್ಟೇ ಅದಕ್ಕೆ ಚೆಂದದ ನೀಲಿ ಬಣ್ಣ ಬಿದ್ದಿತ್ತು.

ಬಣ್ಣ ಬಳಿದುಹೋದ ಪೇಂಟರನ್ನು ನಾನು ದೂರುವುದಿಲ್ಲ. ಸಂಜೆಯೊಳಗೆ ದೋಣಿ ಹೊಳೆಯಬೇಕು ಎಂಬುದಕ್ಕೆ ಅವನಿಗೆ ಕೂಲಿ ಕೊಟ್ಟಿದ್ದರು, ಅವನು ಹೊಳೆಯಿಸಿ ಹೋದ. ತಟ್ಟಿ ನೋಡಿ ‘ಇಲ್ಲಿ ಮರ ಕೊಳೆತಿದೆ, ಬಣ್ಣ ಬೇಡ, ಮೊದಲು ಹಲಗೆ ಬದಲಿಸಿ’ ಎಂದು ಹೇಳಿದರೆ ಅವನ ಆ ದಿನದ ಕೆಲಸವೇ ಹೋಗುತ್ತದೆ. ಒಡೆಯನ ಲಾಭ ನಷ್ಟ ಬೇರೆ. ಅಳಿವೆ ದಾಟುವಾಗ ಆ ಹಲಗೆಯ ಮುಂದೆ ಕೂರುವವನು ಅವನು. ಕೆಲಸ ನಿಲ್ಲಿಸಿ ಹದಿನೈದು ದಿನ ಒಣಗಲು ಬಿಡುವ ತಾಳ್ಮೆಗೆ ಕಾರಣ ಇರುವುದು ಅವನೊಬ್ಬನಿಗೇ. ಯಾರ ಪ್ರಾಣ ದೋಣಿಯ ಮೇಲಿದೆಯೋ ಅವರ ಕೈಯೇ ಅದರ ಮೈಮೇಲೆ ಇಂಚಿಂಚಾಗಿ ಓಡಾಡಬೇಕು. ಬಣ್ಣದ ಕೆಲಸ ವರ್ಷಕ್ಕೊಮ್ಮೆ ಅಂಥ ಅವಕಾಶ ಕೊಡುತ್ತದೆ. ಬೇರೆ ಯಾವ ಕೆಲಸಕ್ಕೂ ದೋಣಿಯನ್ನು ಅಷ್ಟು ಹತ್ತಿರದಿಂದ ಯಾರೂ ನೋಡುವುದಿಲ್ಲ.

ತಳದಲ್ಲಿ ಏಳುವ ಗುಳ್ಳೆಗಳ ಮಾತೂ ಹೀಗೆಯೇ. ವರ್ಷಗಟ್ಟಲೆ ನೀರಿನಲ್ಲೇ ತೇಲುವ ಫೈಬರ್ ದೋಣಿಯ ಜೆಲ್‌ಕೋಟ್ ಮೂಲಕ ನೀರು ನಿಧಾನವಾಗಿ ಒಳಸೇರುತ್ತದೆ. ರಾಳದಲ್ಲಿ ಸರಿಯಾಗಿ ಗಟ್ಟಿಯಾಗದೆ ಉಳಿದ ಅಂಶಗಳು ಅದರಲ್ಲಿ ಕರಗಿ ಆಮ್ಲೀಯ ದ್ರವವಾಗುತ್ತವೆ. ಅದು ಹೊರಗಿನಿಂದ ಇನ್ನಷ್ಟು ನೀರನ್ನು ಸೆಳೆಯುತ್ತದೆ, ಒತ್ತಡ ಹೆಚ್ಚಿ ಗುಳ್ಳೆ ಏಳುತ್ತದೆ. ಒಡೆದರೆ ವಿನೆಗರಿನಂಥ ಹುಳಿ ವಾಸನೆ ಬರುವ ಜಿಗುಟು ನೀರು ಚಿಮ್ಮುತ್ತದೆ. ಕಣ್ಣಿಗೆ ತಾಗದಂತೆ ಕನ್ನಡಕ ಹಾಕಿಕೊಂಡೇ ಒಡೆಯಬೇಕು. ಈ ಗುಳ್ಳೆಗಳ ಮೇಲೆ ನೇರ ಬಣ್ಣ ಬಳಿಯುವುದು ಕಾಯಿಲೆಯನ್ನು ಒಳಗೇ ಕೂಡಿಹಾಕಿದಂತೆ. ಒಡೆದು, ಸಿಹಿನೀರಿನಲ್ಲಿ ಮತ್ತೆ ಮತ್ತೆ ತೊಳೆದು, ವಾರಗಟ್ಟಲೆ ಒಣಗಿಸಿ, ಎಪಾಕ್ಸಿ ಪುಟ್ಟಿ ತುಂಬಬೇಕು. ಕಾರಿನ ಗ್ಯಾರೇಜಿನಲ್ಲಿ ಬಳಸುವ ಪುಟ್ಟಿ ಅಗ್ಗ, ಬೇಗ ಗಟ್ಟಿಯಾಗುತ್ತದೆ, ಉಜ್ಜಲೂ ಸುಲಭ. ಆದರೆ ಅದು ನೀರು ಹೀರುತ್ತದೆ. ನೀರಿನ ಗೆರೆಯ ಕೆಳಗೆ ಅದನ್ನು ತುಂಬಿದರೆ ತಾನೇ ಕೈಯಾರೆ ಇನ್ನೊಂದು ಗುಳ್ಳೆ ಇಟ್ಟ ಹಾಗೆ. ಇನ್ನೂ ಒಂದು ಮಾತು: ಪಾಲಿಯೆಸ್ಟರ್ ಮೈಮೇಲೆ ಎಪಾಕ್ಸಿ ಚೆನ್ನಾಗಿ ಹಿಡಿಯುತ್ತದೆ, ಗಟ್ಟಿಯಾದ ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಹಾಗೆ ಹಿಡಿಯುವುದಿಲ್ಲ. ಯಾವುದರ ಮೇಲೆ ಯಾವುದು ಎಂಬ ಈ ಕ್ರಮ ತಪ್ಪಿದರೆ ಎಷ್ಟು ದುಬಾರಿಯ ಸಾಮಾನು ತಂದರೂ ನಿಲ್ಲುವುದಿಲ್ಲ.

ಮೀನು ಹೊತ್ತ ದೋಣಿಯ ಮೈಯಲ್ಲಿ ಉಪ್ಪು, ಮೀನಿನ ಜಿಡ್ಡು, ಎಂಜಿನ್ ಎಣ್ಣೆ ಎಲ್ಲ ಇಳಿದಿರುತ್ತವೆ. ಇಲ್ಲಿ ಹೆಚ್ಚಿನವರು ಅವಸರಪಟ್ಟು ಮೊದಲು ಉಜ್ಜುತ್ತಾರೆ, ಆಮೇಲೆ ತೊಳೆಯುತ್ತಾರೆ. ಉಜ್ಜಿದಾಗ ಜಿಡ್ಡು ಮೇಲಿನಿಂದ ಹೋಗುವ ಬದಲು ಗೀರುಗಳ ಒಳಗೆ ಇಳಿದು ಕೂರುತ್ತದೆ. ಮೊದಲು ಸೋಪಿನ ನೀರು, ಆಮೇಲೆ ಸಿಹಿನೀರು, ಒಣಗಿದ ಮೇಲೆ ಥಿನ್ನರ್ ಅದ್ದಿದ ಬಟ್ಟೆಯಲ್ಲಿ ಒಂದೇ ದಿಕ್ಕಿಗೆ ಒರೆಸುವುದು, ಒಂದೊಂದು ಒರೆಸಿಗೂ ಬಟ್ಟೆಯ ಹೊಸ ಮುಖ. ಸ್ಯಾಂಡ್‌ಪೇಪರ್ ಕೈಗೆತ್ತಿಕೊಳ್ಳುವುದು ಇಷ್ಟೆಲ್ಲ ಆದ ಮೇಲೆ. ಮೈ ಶುದ್ಧವಾಗಿದೆಯೇ ಎಂದು ತಿಳಿಯಲು ಯಾವ ಉಪಕರಣವೂ ಬೇಡ. ಒಂದು ಚೊಂಬು ನೀರು ಸುರಿದು ನೋಡಿದರೆ ಸಾಕು. ನೀರು ಹಾಳೆಯಂತೆ ಹರಡಿ ಇಳಿದರೆ ಶುದ್ಧ. ಹನಿಹನಿಯಾಗಿ ಒಡೆದು ನಿಂತರೆ ಜಿಡ್ಡಿನ್ನೂ ಇದೆ. ಉಪ್ಪು ಉಳಿದರೂ ಅಷ್ಟೇ ಕೆಡುಕು: ಬಣ್ಣದ ಕೆಳಗಿನ ಉಪ್ಪಿನ ಕಣ ಪದರದ ಆಚೆಯಿಂದ ನೀರನ್ನು ಎಳೆದುಕೊಂಡು ಬಣ್ಣವನ್ನು ಎಬ್ಬಿಸುತ್ತದೆ. ಕಡಲ ದಡದಲ್ಲಿ ಸಿಹಿನೀರು ಹೊತ್ತು ತರಬೇಕು, ಮೇ ತಿಂಗಳಲ್ಲಿ ಬಾವಿಯೇ ತಳ ಕಂಡಿರುತ್ತದೆ. ಆ ಕಷ್ಟ ನನಗೆ ಗೊತ್ತಿದೆ. ಆದರೂ ಉಪ್ಪುನೀರಿನಲ್ಲಿ ತೊಳೆದ ದೋಣಿಗೆ ಬಣ್ಣ ಬಳಿಯುವುದಕ್ಕಿಂತ ಬಳಿಯದಿರುವುದು ಮೇಲು.

ಹಳೆಯ ಬಣ್ಣ ಯಾವ ಜಾತಿಯದು ಎಂಬುದನ್ನೂ ಕೇಳಿ ತಿಳಿಯಬೇಕಾಗಿಲ್ಲ. ಥಿನ್ನರಿನಲ್ಲಿ ನೆನೆಸಿದ ಬಟ್ಟೆಯನ್ನು ಅದರ ಮೇಲೆ ಐದಾರು ನಿಮಿಷ ಒತ್ತಿಟ್ಟರೆ ಸಾಮಾನ್ಯ ಎನಾಮೆಲ್ ಮೆತ್ತಗಾಗುತ್ತದೆ ಅಥವಾ ಸುಕ್ಕುಗಟ್ಟುತ್ತದೆ. ಹಾರ್ಡ್ನರ್ ಬೆರೆಸಿ ಬಳಿಯುವ ಎರಡು ಡಬ್ಬದ ಬಣ್ಣ ಜಗ್ಗುವುದಿಲ್ಲ. ಮೆತ್ತಗಾಗುವ ಪದರದ ಮೇಲೆ ಎರಡು ಡಬ್ಬದ ಪಾಲಿಯುರೆಥೇನ್ ಬಳಿದರೆ ಅದರ ತೀಕ್ಷ್ಣ ದ್ರಾವಕ ಕೆಳಗಿನದನ್ನು ಕರಗಿಸಿ ಎಲ್ಲವನ್ನೂ ಎಬ್ಬಿಸಿಬಿಡುತ್ತದೆ. ಹಳೆಯದನ್ನು ಪೂರ್ತಿ ಕೆರೆಯುವುದು, ಇಲ್ಲವೇ ಅದೇ ಜಾತಿಯ ಒಂದೇ ಡಬ್ಬದ ಬಣ್ಣದಲ್ಲಿ ತೃಪ್ತಿಪಡುವುದು, ಎರಡೇ ದಾರಿ. ಮರಳಿನ ಮೇಲೆ ಎಳೆಯುವ, ಬಲೆಯ ಗುಂಡು, ಲಂಗರಿನ ಏಟು ತಿನ್ನುವ ನಾಡದೋಣಿಗೆ ಒಳ್ಳೆಯ ಗುಣಮಟ್ಟದ ಒಂದು ಡಬ್ಬದ ದೋಣಿ ಬಣ್ಣವೇ ತಕ್ಕದ್ದು ಎಂಬುದು ನನ್ನ ಅಭಿಪ್ರಾಯ. ಗೀರಿದಲ್ಲಿ ಉಜ್ಜಿ ಮತ್ತೆ ಬಳಿಯಬಹುದು. ಎರಡು ಡಬ್ಬದ್ದು ಹೆಚ್ಚು ಗಟ್ಟಿ, ಹೆಚ್ಚು ಹೊಳಪು, ಹೆಚ್ಚು ಬಾಳಿಕೆ. ತೇಪೆ ಹಾಕುವುದು ಮಾತ್ರ ಕಷ್ಟ. ಬಣ್ಣ ತಿಳಿಯಾಗಿದ್ದಷ್ಟೂ ಒಳ್ಳೆಯದು. ಕಡುನೀಲಿ, ಕಪ್ಪು ಮೈ ಬಿಸಿಲಿಗೆ ಕಾದು ಒಳಗಿನ ನಾರಿನ ನೇಯ್ಗೆಯೇ ಮೇಲೆ ಮೂಡಿ ಕಾಣತೊಡಗುತ್ತದೆ.

ಈ ಎಲ್ಲದಕ್ಕಿಂತ ಹೆಚ್ಚಾಗಿ ನಮ್ಮ ಕರಾವಳಿಯಲ್ಲಿ ಕಡೆಗಣಿಸಲ್ಪಟ್ಟಿರುವುದು ಗಾಳಿಯ ತೇವ. ಬಣ್ಣ ತಯಾರಿಸುವವರು ಹೇಳುವ ಸಾಮಾನ್ಯ ಮಿತಿ, ಗಾಳಿಯ ತೇವಾಂಶ ಶೇ. 85 ದಾಟಿರಬಾರದು, ಬಳಿಯುವ ಮೈಯ ಉಷ್ಣತೆ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಮೇಲಿರಬೇಕು. ಜೂನ್‌ನ ನಮ್ಮ ಗಾಳಿ ಹೆಚ್ಚಿನ ಹೊತ್ತು ಈ ಮಿತಿಯ ಆಚೆಯೇ ಇರುತ್ತದೆ. ಆದರೆ ದೊಡ್ಡ ಬೋಟುಗಳ ಬಣ್ಣದ ಕೆಲಸ ನಡೆಯುವುದು ನಿಷೇಧದ ಆ ಎರಡು ತಿಂಗಳಲ್ಲೇ, ಟಾರ್ಪಲಿನ ಕೆಳಗೆ, ಜುಲೈ ಮುಗಿಯುವ ಅವಸರದಲ್ಲಿ. ತೇವದ ಗಾಳಿಯಲ್ಲಿ ಎಪಾಕ್ಸಿ ಒಣಗುವಾಗ ಮೇಲೆ ಮೇಣದಂಥ ಜಿಡ್ಡು ಕಟ್ಟುತ್ತದೆ. ನೀರು ಹಾಕಿ ಉಜ್ಜಿ ತೊಳೆಯದೆ ಮುಂದಿನ ಪದರ ಬಳಿದರೆ ಅದು ಹಿಡಿಯುವುದಿಲ್ಲ. ಪಾಲಿಯುರೆಥೇನಿನ ಹಾರ್ಡ್ನರ್‌ನಲ್ಲಿರುವ ಐಸೊಸಯನೇಟ್ ಬಣ್ಣದೊಂದಿಗೆ ಕೂಡಬೇಕಾದ್ದು ಗಾಳಿಯ ನೀರಿನೊಂದಿಗೇ ಕೂಡಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಹೊಳಪು ಮಂಕಾಗಿ ಸೂಜಿಮೊನೆಯ ಗುಳ್ಳೆಗಳು ಉಳಿಯುತ್ತವೆ. ಕಳಪೆ ಪೇಂಟು ಎಂದು ಅಂಗಡಿಯವನೊಂದಿಗೆ ಜಗಳವಾಗುವ ಎಷ್ಟೋ ಸಂದರ್ಭಗಳಲ್ಲಿ ತಪ್ಪು ಡಬ್ಬದೊಳಗಿರುವುದಿಲ್ಲ.

ಸಣ್ಣ ದೋಣಿಯ ಒಡೆಯನಿಗೆ ಇಲ್ಲೊಂದು ಅನುಕೂಲವಿದೆ. ಅವನು ದಿನ ನೋಡಿ ಕೆಲಸ ಮಾಡಬಲ್ಲ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ಬೆಳಗಿನ ಇಬ್ಬನಿ ಪೂರ್ತಿ ಆರಿದ ಮೇಲೆ ಶುರುಮಾಡಿ ಮಧ್ಯಾಹ್ನದ ಕಡಲಗಾಳಿ ಏಳುವ ಮೊದಲು ನಿಲ್ಲಿಸಬಲ್ಲ. ಕೂಲಿಗೆ ಬಂದವರು ಇಡೀ ದಿನ ಬಳಿಯಲೇಬೇಕು, ಸಂಜೆ ಬಳಿದದ್ದರ ಮೇಲೆ ರಾತ್ರಿಯ ಇಬ್ಬನಿ ಬೀಳುತ್ತದೆ. ದಿನಕ್ಕೆ ಎರಡು ಮೂರು ಗಂಟೆಯಂತೆ ವಾರಗಟ್ಟಲೆ ಎಳೆಯುವ ಕೆಲಸವನ್ನು ಹೊರಗಿನವರಿಂದ ಮಾಡಿಸುವುದು ಯಾರ ಕೈಗೂ ಎಟುಕದು. ಇಬ್ಬರಿದ್ದರೆ ಸಾಕು: ಒಬ್ಬರು ಸ್ಪಂಜಿನ ರೋಲರಿನಲ್ಲಿ ತೆಳ್ಳಗೆ ಹರಡುತ್ತ ಮುಂದೆ ಹೋಗುವುದು, ಇನ್ನೊಬ್ಬರು ಒಣ ಬ್ರಷ್ಷಿನ ತುದಿಯಿಂದ ಒತ್ತಡವಿಲ್ಲದೆ ಸವರುತ್ತ ಹಿಂದೆ ಬರುವುದು. ರೋಲರ್ ಬಿಟ್ಟ ಸಣ್ಣ ಗುಳ್ಳೆಗಳೆಲ್ಲ ಒಡೆದು ಮೈ ಕನ್ನಡಿಯಾಗುತ್ತದೆ. ಗಂಡ ಹೆಂಡತಿ, ಅಪ್ಪ ಮಗಳು ಸೇರಿ ಮಾಡಿದ ಇಂಥ ಕೆಲಸ ಸ್ಪ್ರೇ ಮಾಡಿದ್ದಕ್ಕೆ ಹತ್ತಿರ ಬರುವುದನ್ನು ನಾನು ನೋಡಿದ್ದೇನೆ.

ಸ್ಪ್ರೇ ಗನ್ ವಿಚಾರದಲ್ಲಿ ಮಾತ್ರ ನನ್ನ ವಾದ ನಿಲ್ಲುತ್ತದೆ. ಐಸೊಸಯನೇಟ್ ಇರುವ ಬಣ್ಣವನ್ನು ಮಂಜಾಗಿ ಸಿಂಪಡಿಸಿದಾಗ ಅದು ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಆಸ್ತಮಾ ಬರಿಸುತ್ತದೆ, ಒಮ್ಮೆ ಒಗ್ಗದಂತಾದ ದೇಹಕ್ಕೆ ಆಮೇಲೆ ಅತಿಸಣ್ಣ ಪ್ರಮಾಣವೂ ಉಸಿರು ಕಟ್ಟಿಸಬಲ್ಲದು. ಮುಖಕ್ಕೆ ಬೈರಾಸು ಸುತ್ತಿಕೊಳ್ಳುವುದರಿಂದ ಏನೂ ಆಗದು. ಹೊರಗಿನಿಂದ ಕೊಳವೆಯಲ್ಲಿ ಶುದ್ಧ ಗಾಳಿ ಕೊಡುವ ಮುಖವಾಡ ಇದ್ದವರು ಮಾತ್ರ ಅದನ್ನು ಮಾಡಬೇಕು. ಅಂಥ ಮುಖವಾಡ ನಮ್ಮ ದಡಗಳಲ್ಲಿ ಕೂಲಿ ಪೇಂಟರಿಗೂ ಸಿಗುವುದಿಲ್ಲ ಎಂಬುದು ಇನ್ನೊಂದು ಸಂಕಟ. ಮನೆಯಂಗಳದಲ್ಲಿ, ಮಕ್ಕಳು ಓಡಾಡುವಲ್ಲಿ, ಎರಡು ಡಬ್ಬದ ಪಾಲಿಯುರೆಥೇನನ್ನು ಸ್ಪ್ರೇ ಮಾಡಲೇಬಾರದು.

ಇನ್ನು ನೀರಿನ ಗೆರೆಯ ಕೆಳಗಿನ ಮಾತು. ನೀರಿನಲ್ಲೇ ಕಟ್ಟಿರುವ ದೋಣಿಯ ತಳಕ್ಕೆ ಕೆಲವೇ ವಾರಗಳಲ್ಲಿ ಪಾಚಿ, ಚಿಪ್ಪುಹುಳ ಹತ್ತಿಕೊಳ್ಳುತ್ತವೆ. ದೋಣಿ ಭಾರವಾಗುತ್ತದೆ, ವೇಗ ಕುಗ್ಗುತ್ತದೆ, ಇಂಧನ ಹೆಚ್ಚು ಸುಡುತ್ತದೆ. ಇದಕ್ಕೆ ಮದ್ದು ಆ್ಯಂಟಿಫೌಲಿಂಗ್ ಬಣ್ಣ. ಅದರಲ್ಲಿರುವುದು ಸಾಮಾನ್ಯವಾಗಿ ತಾಮ್ರದ ಆಕ್ಸೈಡ್. ನಿಧಾನವಾಗಿ ನೀರಿಗೆ ಬಿಡುಗಡೆಯಾಗಿ ಹತ್ತಲು ಬಂದ ಜೀವಿಯನ್ನು ಕೊಲ್ಲುತ್ತದೆ. ತಾಮ್ರದ ಈ ಗುಣ ಹಳೆಯ ತಿಳಿವಳಿಕೆ. ಬ್ರಿಟಿಷ್ ನೌಕಾಪಡೆ 1761ರಲ್ಲಿ ‘ಅಲಾರ್ಮ್’ ಎಂಬ ಯುದ್ಧನೌಕೆಯ ಮರದ ತಳಕ್ಕೆ ತಾಮ್ರದ ತಗಡು ಹೊಡೆಸಿತು. 1763ರಲ್ಲಿ ಪರೀಕ್ಷಿಸಿದಾಗ ತಗಡು ಹಿಡಿದಿದ್ದ ಕಬ್ಬಿಣದ ಮೊಳೆಗಳು ತಾಮ್ರ ತಾಗಿದಲ್ಲೆಲ್ಲ ತಿಂದುಹೋಗಿದ್ದವು. ನಡುವೆ ಕಂದು ಕಾಗದ ಉಳಿದುಕೊಂಡಲ್ಲಿ ಮೊಳೆ ಗಟ್ಟಿಯಾಗಿಯೇ ಇತ್ತು. ಉಪ್ಪುನೀರಿನಲ್ಲಿ ಎರಡು ಲೋಹ ತಾಗಿದರೆ ಒಂದು ಇನ್ನೊಂದನ್ನು ತಿನ್ನುತ್ತದೆ. ಇವತ್ತಿಗೂ ಔಟ್‌ಬೋರ್ಡ್ ಎಂಜಿನ್ನಿನ ಅಲ್ಯೂಮಿನಿಯಂ ಕಾಲಿಗೆ ತಾಮ್ರದ ಬಣ್ಣ ಬಳಿಯಬಾರದು ಎನ್ನುವುದು ಅದೇ ಕಾರಣಕ್ಕೆ. ತಳಕ್ಕೆ ಬಳಿದು ಉಳಿದದ್ದನ್ನು ಎಂಜಿನ್ನಿಗೂ ಸವರಿ ಡಬ್ಬ ಖಾಲಿ ಮಾಡುವ ಅಭ್ಯಾಸವನ್ನು ಬಿಡಬೇಕು.

ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ. ನಿಮ್ಮ ದೋಣಿಗೆ ಈ ವಿಷ ಬೇಕೇ? ಮೀನು ಹಿಡಿದು ಬಂದು ಸಂಜೆ ಮರಳಿಗೆ ಎಳೆಯುವ ದೋಣಿಗೆ ಬೇಡ. ಒಣಗಿದ ಮೈಯಲ್ಲಿ ಚಿಪ್ಪುಹುಳ ಬದುಕುವುದಿಲ್ಲ. ಶರಾವತಿ, ಕಬಿನಿಯ ಹಿನ್ನೀರಿನಲ್ಲಿ ಓಡುವ ದೋಣಿಗೂ ಬೇಡ. ಕಡಲಿನ ಚಿಪ್ಪುಹುಳ ಸಿಹಿನೀರಿನಲ್ಲಿ ಬೆಳೆಯುವುದಿಲ್ಲ; ಅಲ್ಲಿ ಹತ್ತುವ ಪಾಚಿಯನ್ನು ಬ್ರಷ್ಷಿನಿಂದ ಉಜ್ಜಿದರೆ ಹೋಗುತ್ತದೆ. ಅಳಿವೆಯ ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಕಟ್ಟಿರುವ ದೋಣಿಗೆ ಮಾತ್ರ ಅದರ ಅಗತ್ಯ. ದೊಡ್ಡ ಬೋಟಿಗೆ ಬಳಿಯುತ್ತಾರೆಂದು ಸಣ್ಣದಕ್ಕೂ ಬಳಿಯುವುದು ಹಣವನ್ನೂ ಹೊಳೆಯನ್ನೂ ಹಾಳುಮಾಡುವ ಕೆಲಸ.

ಸಣ್ಣ ದೋಣಿಯಿಂದ ಎಷ್ಟು ವಿಷ ಬಂದೀತು ಎಂದು ಕೇಳುವವರಿದ್ದಾರೆ. ಫ್ರಾನ್ಸಿನ ಆರ್ಕಶಾನ್ ಕೊಲ್ಲಿಯಲ್ಲಿ ನಡೆದದ್ದನ್ನು ಅವರ ಮುಂದಿಡುತ್ತೇನೆ. ಸಿಂಪಿ ಸಾಕಣೆಗೆ ಹೆಸರಾದ ಕೊಲ್ಲಿ ಅದು. 1970ರ ದಶಕದ ಕೊನೆಯಲ್ಲಿ ಅಲ್ಲಿ ಸಿಂಪಿಗಳ ಮರಿಗಳು ಬದುಕುವುದು ನಿಂತಿತು, ದೊಡ್ಡವುಗಳ ಚಿಪ್ಪು ವಿಕಾರವಾಗಿ ದಪ್ಪಗಟ್ಟತೊಡಗಿತು. ಹುಡುಕಿದರೆ ಕಾರಣ ಕೊಲ್ಲಿಯ ತುಂಬ ಕಟ್ಟಿದ್ದ ವಿಹಾರದ ದೋಣಿಗಳ ತಳದ ಬಣ್ಣದಲ್ಲಿತ್ತು: ಟ್ರೈಬ್ಯೂಟೈಲ್ ಟಿನ್ ಎಂಬ ತವರದ ಸಂಯುಕ್ತ. ಲೀಟರ್ ನೀರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಸಾಕು, ಕಡಲ ಶಂಖಹುಳಗಳಲ್ಲಿ ಹೆಣ್ಣಿಗೆ ಗಂಡಿನ ಅಂಗ ಬೆಳೆಯುವಷ್ಟು ತೀವ್ರ ವಿಷ. ಫ್ರಾನ್ಸ್ 1982ರಲ್ಲಿ 25 ಮೀಟರಿಗಿಂತ ಸಣ್ಣ ದೋಣಿಗಳಿಗೆ ಅದನ್ನು ನಿಷೇಧಿಸಿತು, ಬ್ರಿಟನ್ 1987ರಲ್ಲಿ. ಹಡಗುಗಳಿಗೂ ಅನ್ವಯಿಸುವ ಅಂತಾರಾಷ್ಟ್ರೀಯ ಒಪ್ಪಂದ 2001ರಲ್ಲಿ ಆಗಿ 2008ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂತು. ಸಣ್ಣ ದೋಣಿಗಳ ಮೇಲೆ ಮೊದಲು ಕೈಯಿಟ್ಟದ್ದು ಸುಮ್ಮನಲ್ಲ. ಅವು ನಿಲ್ಲುವುದು ಆಳವಿಲ್ಲದ, ನೀರು ಬೇಗ ಬದಲಾಗದ ಕೊಲ್ಲಿ ಅಳಿವೆಗಳಲ್ಲಿ. ಜಲಜೀವಿಗಳು ಮೊಟ್ಟೆಯಿಡುವ, ಮರಿ ಬೆಳೆಯುವ ಜಾಗಗಳೂ ಅವೇ.

ತಾಮ್ರ ಅಷ್ಟು ಕ್ರೂರವಲ್ಲ, ಆದರೂ ನಿರುಪದ್ರವಿಯಲ್ಲ. ಕ್ಯಾಲಿಫೋರ್ನಿಯದ ಸ್ಯಾನ್ ಡಿಯಾಗೋದಲ್ಲಿ ಶೆಲ್ಟರ್ ಐಲೆಂಡ್ ಎಂಬ ವಿಹಾರದೋಣಿಗಳ ತಂಗುದಾಣವಿದೆ. ಅಲ್ಲಿಯ ನೀರಿಗೆ ಸೇರುವ ತಾಮ್ರವನ್ನು ಶೇ. 76ರಷ್ಟು ತಗ್ಗಿಸಬೇಕೆಂದು 2005ರಲ್ಲಿ ಅಲ್ಲಿಯ ಜಲಮಂಡಳಿ ಆದೇಶಿಸಿತು. ಬಹುಪಾಲು ತಾಮ್ರ ದೋಣಿಗಳ ತಳದ ಬಣ್ಣದಿಂದಲೇ ಸೋರುತ್ತಿತ್ತು.

ಈ ಮಾತುಗಳನ್ನು ನಾನು ಅಘನಾಶಿನಿಯ ದಡದಲ್ಲಿ ನಿಂತು ಯೋಚಿಸುತ್ತೇನೆ. ಆ ಅಳಿವೆ 2024ರ ಜನವರಿಯಲ್ಲಿ ಜೌಗುಪ್ರದೇಶಗಳ ಅಂತಾರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿತು. ಪಟ್ಟಿಗೆ ಸೇರುವ ಎಷ್ಟೋ ಮೊದಲಿನಿಂದಲೂ ಇಳಿತದ ಹೊತ್ತಿಗೆ ಗಂಡಸರು ಹೆಂಗಸರು ಮೊಣಕಾಲುದ್ದ ಕೆಸರಿಗಿಳಿದು ಬಳಚು ಆರಿಸಿ ಬದುಕು ಸಾಗಿಸುತ್ತ ಬಂದಿದ್ದಾರೆ. ಬಳಚು ಚಿಪ್ಪಿನ ಜೀವಿ, ನೀರು ಸೋಸಿ ಅದರಲ್ಲಿರುವುದನ್ನು ತಿಂದು ಬೆಳೆಯುವಂಥದು. ದೋಣಿಯ ತಳಕ್ಕೆ ಬಳಿಯುವ ವಿಷ ತಯಾರಾಗಿರುವುದು ಚಿಪ್ಪಿನ ಜೀವಿಗಳನ್ನು ಕೊಲ್ಲಲೆಂದೇ. ದಡದಲ್ಲಿ ಮಗುಚಿದ ದೋಣಿಯನ್ನು ಒಣದಾಗಿ ಗ್ರೈಂಡರ್ ಹಿಡಿದು ಉಜ್ಜಿದರೆ ತಳದ ಬಣ್ಣದ ಕೆಂಪು ಪುಡಿ ಗಾಳಿಯಲ್ಲಿ ಹಾರಿ ಕೆಸರಿನ ಮೇಲೆ ಕೂರುತ್ತದೆ, ಮುಂದಿನ ಉಬ್ಬರ ಅದನ್ನು ಒಳಗೆ ಕೊಂಡೊಯ್ಯುತ್ತದೆ. ತೇಲುವ ದೋಣಿ ವರ್ಷವಿಡೀ ಸೂಕ್ಷ್ಮವಾಗಿ ಬಿಡುವ ವಿಷವನ್ನು ಕೆರೆಯುವವನು ಒಂದು ಬೆಳಿಗ್ಗೆಯಲ್ಲಿ, ಒಂದೇ ಜಾಗದಲ್ಲಿ ಸುರಿಯುತ್ತಾನೆ. ದೋಣಿ ಹಳೆಯದಾಗಿ, ಕೆಳಗಿನ ಪದರಗಳು ಯಾವ ಕಾಲದವು ಎಂದು ಒಡೆಯನಿಗೇ ತಿಳಿಯದಿದ್ದರೆ ಅದರಲ್ಲಿ ತವರದ ವಿಷವೂ ಇರಬಹುದು ಎಂದು ಎಣಿಸಿಯೇ ನಡೆದುಕೊಳ್ಳಬೇಕು.

ಮರದ ದೋಣಿಗಳಿಗೆ ಗೇರೆಣ್ಣೆ, ಮೀನೆಣ್ಣೆ ಹಚ್ಚುತ್ತಿದ್ದ ಕಾಲದಲ್ಲಿ ಈ ಪ್ರಶ್ನೆ ಇಷ್ಟು ತೀಕ್ಷ್ಣವಾಗಿರಲಿಲ್ಲ. ಹಾಗೆಂದು ಹಳೆಯದೆಲ್ಲ ಶುದ್ಧವಾಗಿತ್ತು ಎನ್ನಲಾರೆ. ಕಬ್ಬಿಣಕ್ಕೂ ಮರಕ್ಕೂ ಬಳಿಯುತ್ತಿದ್ದ ಕೆಂಪು ಪ್ರೈಮರ್ ಸೀಸದ್ದು. ನಮ್ಮ ದೇಶದಲ್ಲಿ ಬಣ್ಣದ ಸೀಸಕ್ಕೆ 90 ಪಿಪಿಎಂ ಮಿತಿ ಹಾಕಿದ 2016ರ ನಿಯಮಗಳು 2017ರ ನವೆಂಬರ್ 1ರಿಂದ ಜಾರಿಯಲ್ಲಿವೆ, ಆದರೆ ಅವು ಮನೆ ಮತ್ತು ಅಲಂಕಾರದ ಬಣ್ಣಗಳಿಗೆ ಮಾತ್ರ ಅನ್ವಯ. ಕೈಗಾರಿಕಾ ಬಣ್ಣಗಳು ಅವುಗಳ ಹೊರಗೆ ಉಳಿದಿವೆ. ಮನೆಯ ಗೋಡೆಗಿರುವ ರಕ್ಷಣೆ ದೋಣಿಯ ಮೈ ಕೆರೆಯುವವನ ಶ್ವಾಸಕ್ಕಿಲ್ಲ. ಮೀನುಗಾರರ ಸಂಘಗಳು ಆ ರಕ್ಷಣೆಯನ್ನು ದೊಡ್ಡ ದನಿಯಲ್ಲಿ ಕೇಳಬೇಕು.

ಬಡ ದೋಣಿಯವನ ಮೇಲೆ ಪರಿಸರದ ಭಾರ ಹೊರಿಸುತ್ತಿದ್ದೀರಿ ಎಂಬ ಆಕ್ಷೇಪ ಬರುತ್ತದೆ. ಅದರಲ್ಲಿ ಸತ್ಯವಿದೆ. ಧೂಳು ಹೀರುವ ಯಂತ್ರ ಜೋಡಿಸಿದ ಸ್ಯಾಂಡರ್ ಕೊಳ್ಳಿ ಎಂದು ಅವನಿಗೆ ಹೇಳುವುದು ಸುಲಭ, ಕೊಳ್ಳುವುದು ಸುಲಭವಲ್ಲ. ಆದರೆ ಅವನ ಕೈಗೆಟುಕುವ ದಾರಿಗಳೂ ಇವೆ. ದೋಣಿಯನ್ನು ಉಬ್ಬರದ ಗೆರೆಯಿಂದ ಮೇಲಕ್ಕೆ ಎಳೆಯುವುದು. ಕೆಳಗೆ ಟಾರ್ಪಲ್ ಹಾಸುವುದು. ಮಳೆಗಾಲಕ್ಕೆಂದು ಅದು ಪ್ರತಿ ಮನೆಯಲ್ಲೂ ಇರುತ್ತದೆ. ನೀರಿಗೆ ಕೆಡದ ಸ್ಯಾಂಡ್‌ಪೇಪರ್ ಬಳಸಿ ಒದ್ದೆಯಾಗಿ ಉಜ್ಜಿದರೆ ಪುಡಿ ಹಾರುವುದಿಲ್ಲ, ಉಜ್ಜುವವನ ಎದೆಗೂ ಇಳಿಯುವುದಿಲ್ಲ. ಟಾರ್ಪಲಿನ ಅಂಚುಗಳ ಕೆಳಗೆ ಮರಳು ಕೊಟ್ಟು ಎತ್ತರಿಸಿದರೆ ಕೆಸರುನೀರು ಮಧ್ಯದಲ್ಲೇ ನಿಲ್ಲುತ್ತದೆ. ಬಿಸಿಲಿಗೆ ಅದು ಒಣಗಿದ ಮೇಲೆ ಗುಡಿಸಿ ಡಬ್ಬದಲ್ಲಿ ತುಂಬಿ ಮುಚ್ಚಬಹುದು. ಇದಕ್ಕೆ ಹಣಕ್ಕಿಂತ ತಾಳ್ಮೆ ಹೆಚ್ಚು ಬೇಕು, ಮತ್ತು ಆ ತಾಳ್ಮೆ ದಿನಗೂಲಿಯ ಲೆಕ್ಕದಲ್ಲಿ ಸಿಗುವುದಿಲ್ಲ. ಒಡೆಯನೇ ಕೆರೆಯಬೇಕು ಎನ್ನಲು ಇದು ನನಗೆ ಮತ್ತೊಂದು ಕಾರಣ.

ಇಷ್ಟೆಲ್ಲ ಪಾಡು ಏಕೆ, ಹಳೆಯದನ್ನು ಬಿಟ್ಟು ಹೊಸದು ತೆಗೆದುಕೊಳ್ಳಬಾರದೇ ಎನ್ನುವವರು ಯಾವುದಾದರೂ ಬಂದರಿನ ಹಿಂಬದಿಗೆ ಒಮ್ಮೆ ಹೋಗಿ ಬರಬೇಕು. ಪೊದೆ ಬೆಳೆದು ಮುಚ್ಚಿದ ಫೈಬರ್ ತೊಟ್ಟಿಗಳು ಅಲ್ಲಿ ಬಿದ್ದಿರುತ್ತವೆ. ಮರದ ದೋಣಿ ಹಳತಾದರೆ ಒಲೆಗಾದರೂ ಆಗುತ್ತಿತ್ತು, ಕಬ್ಬಿಣದ್ದು ಗುಜರಿಗೆ ಹೋಗುತ್ತದೆ. ಪಾಲಿಯೆಸ್ಟರ್ ರಾಳ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ, ಸುಟ್ಟರೆ ವಿಷದ ಹೊಗೆ, ಕತ್ತರಿಸಿದರೆ ಗಾಜಿನ ನಾರಿನ ಪುಡಿ. ಅದನ್ನು ಕೊಳ್ಳುವವರು ಯಾರೂ ಇಲ್ಲ. ಫೈಬರ್ ದೋಣಿಯ ಮಟ್ಟಿಗೆ, ಅದನ್ನು ಸಾಧ್ಯವಾದಷ್ಟು ಕಾಲ ನೀರಿನ ಮೇಲೆ ಓಡುವಂತೆ ಇಟ್ಟುಕೊಳ್ಳುವುದಕ್ಕಿಂತ ಒಳ್ಳೆಯ ವಿಲೇವಾರಿ ಸದ್ಯಕ್ಕೆ ನಮ್ಮ ಬಳಿ ಇಲ್ಲ.

ಆದ್ದರಿಂದ ಕೇಳಬೇಕಾದ್ದು ಇಷ್ಟು. ಪ್ರತಿ ಮೀನುಗಾರಿಕಾ ಬಂದರಿನಲ್ಲಿ, ದೊಡ್ಡ ಇಳಿದಾಣಗಳಲ್ಲಿ, ಸಣ್ಣ ದೋಣಿಗಳಿಗೆಂದೇ ಮಾಡು ಹಾಕಿದ ಒಂದು ಕಾಂಕ್ರೀಟ್ ಹಾಸು ಬೇಕು. ಅದರ ನೀರು ಹೊಳೆಗೆ ಹೋಗದೆ ಕೆಸರು ತಂಗುವ ಗುಂಡಿಗೆ ಹೋಗಬೇಕು. ತೊಳೆಯಲು ಸಿಹಿನೀರಿನ ನಲ್ಲಿ, ದಿನದ ಬಾಡಿಗೆಗೆ ಸಿಗುವ ಧೂಳು ಹೀರುವ ಸ್ಯಾಂಡರ್, ತೇವಾಂಶ ತೋರಿಸುವ ಒಂದು ಮಾಪಕ, ತುಂಬಿಟ್ಟ ಬಣ್ಣದ ಪುಡಿಯನ್ನು ಅಪಾಯಕಾರಿ ತ್ಯಾಜ್ಯವೆಂದು ಪಡೆದುಕೊಳ್ಳುವ ಒಂದು ವ್ಯವಸ್ಥೆ ಇರಬೇಕು. ಬಂದರು ಅಭಿವೃದ್ಧಿಯೆಂದು ಧಕ್ಕೆ ಉದ್ದ ಮಾಡುವ, ಹೂಳೆತ್ತುವ ಖರ್ಚಿನ ಪಕ್ಕದಲ್ಲಿ ಇದು ಸಣ್ಣ ಮೊತ್ತ. ಸರದಿ ನೋಡಿಕೊಳ್ಳುವುದು, ಬಾಡಿಗೆ ವಸೂಲಿ ಮಾಡುವುದು ಸ್ಥಳೀಯ ಮೀನುಗಾರರ ಸಹಕಾರ ಸಂಘಗಳಿಂದ ಆಗುವ ಕೆಲಸ. ಇಂಧನದ ಪಾಸು, ಮಂಜುಗಡ್ಡೆಯ ಲೆಕ್ಕ ನೋಡಿಕೊಳ್ಳುವವರಿಗೆ ಇದು ಕಷ್ಟವಲ್ಲ. ಮಾಡು ಇದ್ದರೆ ಜೂನ್ ಮಳೆಯಲ್ಲೂ ಕೆರೆಯುವ, ಒಣಗಿಸುವ ಕೆಲಸ ನಡೆಯುತ್ತದೆ, ಬಣ್ಣಕ್ಕೆ ಮಾತ್ರ ಒಣ ದಿನ ಕಾದರಾಯಿತು. ಮಲ್ಪೆಯಂಥ ದೊಡ್ಡ ಬಂದರಿಗಿಂತ ಮೊದಲು ಇದು ಬರಬೇಕಾದ್ದು ಅಘನಾಶಿನಿಯ ದಡದ ತದಡಿಯಲ್ಲಿ, ಏಕೆಂದರೆ ಅಲ್ಲಿ ದೋಣಿ ಕೆರೆಯುವ ದಡಕ್ಕೂ ಬಳಚು ಆರಿಸುವ ಕೆಸರಿಗೂ ನಡುವೆ ಅಂತರವೇ ಇಲ್ಲ.